ಮನೆಗೆ ಮರಳಬೇಕಾದ ಟೈರು

ಹೆಸರಿನಲ್ಲೇ ಚಕ್ರವನ್ನು ಇಟ್ಟುಕೊಂಡ ಊರು ಬಳಿಚಕ್ರ. ಯಾದಗಿರಿ ತಾಲ್ಲೂಕಿನ ಈ ಸೀಮೆಯ ಹಿರಿಯರಿಗೆ ಗಾಲಿ ಸವೆಯುವುದೇನೂ ಹೊಸ ಸಂಗತಿಯಲ್ಲ. ಕಟ್ಟಿಗೆಯ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಾ ಏರಿಸುವ ದಿನ ಕುಲುಮೆಯ ಸುತ್ತ ಹುಡುಗರ ಗುಂಪು ನೆರೆಯುತ್ತಿತ್ತು. ಕೆಂಪಗೆ ಕಾದ ಪಟ್ಟಾ ಹಿಗ್ಗಿ ಗಾಲಿಯ ಮೇಲೆ ಕೂರುತ್ತಿತ್ತು. ನೀರು ಸುರಿದೊಡನೆ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಬಿಸಿಗೆ ವಸ್ತು ಹಿಗ್ಗುತ್ತದೆ ಎಂಬ ಪಾಠ ಶಾಲೆಯ ಪುಸ್ತಕಕ್ಕಿಂತ ಮೊದಲೇ ಅಲ್ಲಿ ಆಗಿಹೋಗುತ್ತಿತ್ತು. ಈಗ ಬಂಡಿಗಳಿಗೂ ರಬ್ಬರ್ ಟೈರು ಬಂದಿದೆ. ಪಾಠ ಮಾತ್ರ ಹಳೆಯ ಗಾಲಿಯ ಜೊತೆಗೇ ಹಿತ್ತಲು ಸೇರಿದಂತಿದೆ.

ಇಲ್ಲಿಯ ಒಕ್ಕಲುತನದ ಮನೆಯೊಂದರ ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಅಲ್ಲೇ ನೌಕರಿ ಹಿಡಿದ. ಸಾಲ ಮಾಡಿ ಒಂದು ಸಣ್ಣ ಕಾರು ಕೊಂಡ. ಇಡೀ ಮನೆತನಕ್ಕೆ ಅದೊಂದೇ ಕಾರು. ಹಬ್ಬಕ್ಕೆ ಊರಿಗೆ ಬರುವುದು, ಅವ್ವನನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ಯುವುದು, ತಂಗಿಗೆ ವರ ನೋಡಲು ಊರೂರು ತಿರುಗುವುದು, ಎಲ್ಲವೂ ಅದರಲ್ಲೇ. ಒಂದು ದಿನ ಅವನು ಫೋನು ಮಾಡಿ, ಮುಂದಿನ ತಿಂಗಳು ಈ ಕಾರನ್ನು ರೇಸಿನ ಟ್ರ್ಯಾಕಿನ ಮೇಲೆ ಓಡಿಸಲು ಹೋಗುತ್ತೇನೆ ಎಂದ. "ರೇಸ್ ಏನೋ ಯಪ್ಪಾ? ಬ್ಯಾಡ" ಎಂದಳು ಅವ್ವ. ಎಷ್ಟು ಖರ್ಚಾಗುತ್ತದೆ ಎಂದು ಅಪ್ಪ ಕೇಳಿದ. ಬಹಳ ವರ್ಷ ಲಾರಿ ಓಡಿಸಿ ಈಗ ಹೊಲ ನೋಡಿಕೊಂಡಿರುವ ಸೋದರಮಾವ ಮಾತ್ರ ಬೇರೆಯದನ್ನೇ ಕೇಳಿದ: "ಅಳಿಯಾ, ಅಲ್ಲಿ ಓಡಿಸಿದ ಗಾಲಿ ಮ್ಯಾಲೇ ಊರಿಗೆ ಬರ್ತಿಯೇನು?"

ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆಯಲ್ಲಿದೆ. ರೇಸಿನವರಿಗೆ ಆ ಚಿಂತೆಯಿಲ್ಲ. ಅವರ ಕಾರು ಲಾರಿಯ ಮೇಲೆ ಬರುತ್ತದೆ, ಲಾರಿಯ ಮೇಲೆ ಹೋಗುತ್ತದೆ; ಸವೆದ ಟೈರು ಅಲ್ಲೇ ಉಳಿಯುತ್ತದೆ. ಟ್ರ್ಯಾಕ್ ಡೇ ಎಂದರೆ ರೇಸಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ತೊಟ್ಟು, ನಿತ್ಯ ಓಡಿಸುವ ಕಾರನ್ನೇ ಬೇಲಿಯೊಳಗಿನ ಹಾದಿಯಲ್ಲಿ ಓಡಿಸಿ ನೋಡುವ ದಿನ ಅದು. ಗೆದ್ದವರಿಲ್ಲ, ಸೋತವರಿಲ್ಲ, ಎದುರಿನಿಂದ ಎತ್ತಿನ ಬಂಡಿಯೂ ಬರುವುದಿಲ್ಲ. ಬೆಂಗಳೂರಿನ ಹುಡುಗರು ಇದಕ್ಕಾಗಿ ಹೆಚ್ಚಾಗಿ ತಮಿಳುನಾಡಿಗೆ ಹೋಗುತ್ತಾರೆ. ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಶುರುವಾದ, 3.7 ಕಿಲೊಮೀಟರ್ ಉದ್ದದ ಟ್ರ್ಯಾಕು ಇದೆ. ಕೊಯಮತ್ತೂರಿನ ಹತ್ತಿರ 2003ರ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮೊದಲನೆಯದು ಬೆಂಗಳೂರಿನಿಂದ ಸುಮಾರು 300 ಕಿಲೊಮೀಟರ್. ಅಂದರೆ ಟ್ರ್ಯಾಕಿನ ಮೇಲೆ ಓಡುವುದು ನೂರು ಕಿಲೊಮೀಟರಿನ ಆಸುಪಾಸು, ಹೋಗಿ ಬರುವ ಹಾದಿ ಅದರ ಆರು ಪಟ್ಟು!

ತಂದೆತಾಯಂದಿರು ತಿಳಿದಿರಬೇಕಾದ ಒಂದೆರಡು ಮಾತು ಇಲ್ಲೇ ಬಂದುಬಿಡಲಿ. ಸಾಮಾನ್ಯ ಮೋಟಾರು ವಿಮೆಯ ಪಾಲಿಸಿಗಳು ರೇಸು, ವೇಗ ಪರೀಕ್ಷೆ ಮುಂತಾದ ಬಳಕೆಯನ್ನು ಹೊರಗಿಡುತ್ತವೆ. ಟ್ರ್ಯಾಕಿನಲ್ಲಿ ಆದ ಪೆಟ್ಟಿಗೆ ಪರಿಹಾರ ಸಿಕ್ಕೀತು ಎಂದು ನಂಬಿ ಹೋಗುವಂತಿಲ್ಲ. ಇನ್ನು ಹದಿನೆಂಟು ತುಂಬದ ಮಗನ ಕೈಗೆ ಕಾರಿನ ಕೀಲಿ ಕೊಟ್ಟು ಹೆಮ್ಮೆಪಡುವವರಿಗೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 25,000 ರೂಪಾಯಿ ದಂಡವನ್ನೂ ಮೂರು ವರ್ಷದವರೆಗಿನ ಸೆರೆವಾಸವನ್ನೂ ಇಟ್ಟಿದೆ. ಯಾದಗಿರಿಯ ಪೇಟೆಯಲ್ಲಿ ಮೀಸೆ ಮೂಡದ ಚಾಲಕರನ್ನು ನೋಡಿದಾಗ ಈ ಸುದ್ದಿ ಎಲ್ಲರಿಗೂ ಮುಟ್ಟಿದಂತೆ ಕಾಣುವುದಿಲ್ಲ.

ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದು ಒಬ್ಬ ತಂದೆಯ ಕೈಯಿಂದ. ಬೆಲ್‌ಫಾಸ್ಟಿನಲ್ಲಿದ್ದ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಾಡುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಇಂದಿಗೂ ಕಾರಿನ ಭಾರವನ್ನೆಲ್ಲ ಹೊರುವುದು ಆ ಗಾಳಿಯೇ. ನಾಲ್ಕೂ ಟೈರುಗಳು ನೆಲವನ್ನು ಮುಟ್ಟುವ ಜಾಗ ಒಂದೊಂದು ಅಂಗೈಯಷ್ಟು. ಬ್ರೇಕು, ತಿರುವು, ಓಟ ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಲ್ಲೇ ನಡೆಯಬೇಕು. ರೂಪಾಯಿಗೆ ನೂರೇ ಪೈಸೆ. ಎಂಬತ್ತು ಪೈಸೆಯನ್ನು ಬ್ರೇಕಿಗೆ ಸುರಿದವನ ಬಳಿ ತಿರುವಿಗೆ ಪೂರ್ತಿ ರೂಪಾಯಿ ಉಳಿದಿರುವುದಿಲ್ಲ. ಇಲ್ಲದ ಹಣವನ್ನು ಖರ್ಚು ಮಾಡಹೊರಟಾಗ ಟೈರು ಉರುಳುವುದನ್ನು ಬಿಟ್ಟು ಜಾರುತ್ತದೆ. ಜಾರಿದಷ್ಟೂ ರಬ್ಬರು ಹೋಗುತ್ತದೆ.

ಹೊಸಬರು ಎಡವುವುದು ಇಲ್ಲೇ. ತಿರುವಿಗೆ ವೇಗವಾಗಿ ನುಗ್ಗುತ್ತಾರೆ, ಕಾರು ತಿರುಗದೆ ನೇರಕ್ಕೇ ಹೋಗತೊಡಗುತ್ತದೆ, ಗಾಬರಿಯಿಂದ ಸ್ಟಿಯರಿಂಗನ್ನು ಇನ್ನೂ ತಿರುಗಿಸುತ್ತಾರೆ. ಮುಂದಿನ ಗಾಲಿಗಳು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ, ಕೊಬ್ಬರಿ ತುರಿಯುವ ಹಾಗೆ. ಸಣ್ಣ ಕಾರುಗಳಲ್ಲಿ ಎಂಜಿನ್ನು, ಗಾಲಿ ತಿರುಗಿಸುವ ಶಕ್ತಿ, ಬ್ರೇಕಿನ ಹೆಚ್ಚಿನ ಭಾರ ಎಲ್ಲ ಮುಂದಿನ ಗಾಲಿಗಳ ಮೇಲೆಯೇ. ಹೀಗಾಗಿ ಅವು ಮೊದಲು ಸಾಯುತ್ತವೆ. ಬ್ರೇಕನ್ನು ನೇರ ಹಾದಿಯಲ್ಲೇ ಮುಗಿಸಿ, ನಿಧಾನವಾಗಿ ತಿರುವನ್ನು ಹೊಕ್ಕು, ಸ್ಟಿಯರಿಂಗು ನೇರವಾಗುತ್ತ ಬಂದ ಹಾಗೆ ಎಕ್ಸಲರೇಟರ್ ತುಳಿಯುವವನಿಗೆ ಟೈರೂ ಉಳಿಯುತ್ತದೆ, ವಿಚಿತ್ರವೆಂದರೆ ಸಮಯವೂ ಉಳಿಯುತ್ತದೆ. ಕಿವಿಯೂ ಒಂದು ಮೀಟರು. ತಿರುವಿನಲ್ಲಿ ಟೈರು ಮೆಲ್ಲಗೆ ಕುಂಯ್‌ಗುಟ್ಟಿದರೆ ಅದು ದುಡಿಯುತ್ತಿದೆ. ಕಿರುಚಿಕೊಂಡರೆ ದುಡ್ಡು ಉರಿಯುತ್ತಿದೆ.

ಲೆಕ್ಕ ಬರೆದು ನೋಡುವ ವಿದ್ಯಾರ್ಥಿಗಳಿಗೆ ಇಲ್ಲಿ ಒಳ್ಳೆಯ ಲೆಕ್ಕವಿದೆ. ಹೊಸ ಟೈರಿನ ಗೀರಿನ ಆಳ ಸುಮಾರು 8 ಮಿಲಿಮೀಟರ್. 1.6ಕ್ಕೆ ಇಳಿದರೆ ಕಾನೂನಿನ ಪ್ರಕಾರ ಅದರ ಆಯುಷ್ಯ ಮುಗಿಯಿತು. ಗೀರಿನೊಳಗಿನ ಸಣ್ಣ ದಿಬ್ಬಗಳು ಆ ಗಡಿಯನ್ನು ತೋರಿಸುತ್ತವೆ. ಅಂದರೆ ಬಳಸಲು ಇರುವುದು 6.4 ಮಿಲಿಮೀಟರ್. ರಸ್ತೆಯ ಮೇಲೆ ಅದು 40,000 ಕಿಲೊಮೀಟರ್ ಬಂದೀತು ಎಂದುಕೊಂಡರೆ, ಒಂದು ಮಿಲಿಮೀಟರಿಗೆ 6,250 ಕಿಲೊಮೀಟರ್. ಒರಟು ಕೈಯವನ ಒಂದೇ ಟ್ರ್ಯಾಕ್ ಡೇಯಲ್ಲಿ ಮುಂದಿನ ಟೈರಿನ ಹೊರ ಅಂಚು ಒಂದು ಮಿಲಿಮೀಟರ್ ಸವೆದರೆ ಆಶ್ಚರ್ಯವಿಲ್ಲ. ಬೆಂಗಳೂರಿನಿಂದ ಬಳಿಚಕ್ರಕ್ಕೆ ಹೋಗಿ ಬರಲು ಸುಮಾರು 1,000 ಕಿಲೊಮೀಟರ್. ಊರಿನ ಆರು ಪ್ರಯಾಣ ಒಂದು ದಿನದಲ್ಲಿ ಹೊಗೆಯಾಗಿ ಹೋಯಿತು ಎಂದರೆ ಅಪ್ಪನಿಗೂ ಅರ್ಥವಾಗುತ್ತದೆ.

ಹೊರ ಅಂಚೇ ಏಕೆ? ರಸ್ತೆ ಕಾರಿನ ಗಾಲಿ ಹೆಚ್ಚು ಕಡಿಮೆ ನೆಟ್ಟಗೆ ನಿಂತಿರುತ್ತದೆ. ರಭಸದ ತಿರುವಿನಲ್ಲಿ ಕಾರು ವಾಲಿದಾಗ ಭಾರವೆಲ್ಲ ಹೊರಗಡೆಯ ಗಾಲಿಯ ಹೊರ ಅಂಚಿಗೆ ಬೀಳುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುವ ಟ್ರ್ಯಾಕಿನಲ್ಲಿ ಬಲತಿರುವು ಹೆಚ್ಚು. ಆದ್ದರಿಂದ ಮುಂದಿನ ಎಡಗಾಲಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ. ಇದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ, ಶಾಲೆಯ ಬಳಪ ಸಾಕು. ಟೈರಿನ ಅಂಚಿನಿಂದ ಪಕ್ಕೆಯವರೆಗೆ ಸುಣ್ಣದ ಬಳಪದಿಂದ ಗೆರೆ ಎಳೆದು ನಾಲ್ಕು ಸುತ್ತು ಹೊಡೆದು ಬಂದರೆ, ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ ಎಂದು ಅರ್ಥ. ಪಕ್ಕೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ, ಇಲ್ಲವೇ ಹುಮ್ಮಸ್ಸು ಹೆಚ್ಚು.

ಗಾಳಿಯ ವಿಷಯವೇ ಎಲ್ಲಕ್ಕಿಂತ ಗಂಭೀರವಾದದ್ದು. ಪಂಕ್ಚರ್ ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ಬೆಳಿಗ್ಗೆ ತಣ್ಣಗಿದ್ದಾಗ 32 ಪೌಂಡು ಹಿಡಿಸಿದ ಟೈರು ಟ್ರ್ಯಾಕಿನಲ್ಲಿ ಕೆಲವು ಸುತ್ತು ಹೊಡೆಯುವಷ್ಟರಲ್ಲಿ 38, 39ಕ್ಕೆ ಏರುತ್ತದೆ. ಒಳಗಿನ ಗಾಳಿ ಐದಾರು ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಪೌಂಡು ಹೆಚ್ಚುತ್ತದೆ. ಅತಿಯಾಗಿ ಉಬ್ಬಿದ ಟೈರು ನಡುಭಾಗದಲ್ಲಷ್ಟೇ ನೆಲ ಮುಟ್ಟಿ ಜಾರುತ್ತದೆ ಎಂದು ಟ್ರ್ಯಾಕಿನವರು ಬಿಸಿಯಲ್ಲೇ ಗಾಳಿ ಬಿಟ್ಟು 34ಕ್ಕೆ ಇಳಿಸುತ್ತಾರೆ. ಅಲ್ಲಿ ಅದು ಸರಿ. ಸಂಜೆ ಟೈರು ತಣಿದ ಮೇಲೆ ಅದೇ ಗಾಳಿ 28 ಪೌಂಡಿಗೆ ಇಳಿದಿರುತ್ತದೆ. ಇದನ್ನು ಕಣ್ಣು ಹಿಡಿಯಲಾರದು. ಆ ಕಾರಿಗೆ ಮರುದಿನ ಮನೆಮಂದಿಯೆಲ್ಲ ಹತ್ತಿ, ಡಿಕ್ಕಿಯಲ್ಲಿ ಜೋಳದ ಚೀಲ ಹೇರಿದರೆ, ಬಾಗಿಲ ಅಂಚಿನ ಚೀಟಿಯ ಪ್ರಕಾರ ಬೇಕಾದದ್ದು 35, 36. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೇ ಕಾಯುತ್ತದೆ. ಹೊರಗೆ ಯಾದಗಿರಿಯ ಬೇಸಿಗೆ, 42 ಡಿಗ್ರಿ ಬಿಸಿಲು, ಕಾದ ಡಾಂಬರು. ನೂರರ ವೇಗದಲ್ಲಿ ಟೈರು ಸಿಡಿಯಲು ಇನ್ನೇನು ಬೇಕು? ಬೇಸಿಗೆಯೆಂದು ಗಾಳಿ ಕಡಿಮೆ ಹಿಡಿಸುವ ರೂಢಿ ನಮ್ಮ ಕಡೆ ಬಹಳ. ಅದು ಉಲ್ಟಾ ಬುದ್ಧಿ.

ಆದ್ದರಿಂದ ಹುಡುಗ ಮಾಡಿಕೊಂಡ ಏರ್ಪಾಡು ಮೆಚ್ಚುವಂಥದ್ದು. ಸ್ವಂತ ಗಾಳಿ ಮೀಟರು, ಸಿಗರೇಟಿನ ಸಾಕೆಟ್ಟಿಗೆ ಚುಚ್ಚುವ ಸಣ್ಣ ಪಂಪು, ಒಂದು ಬಳಪ, ಒಂದು ನೋಟುಬುಕ್ಕು. ಹದಿನೈದು ಇಪ್ಪತ್ತು ನಿಮಿಷದ ಸರದಿಯಲ್ಲಿ ನಾಲ್ಕೈದು ಸುತ್ತು ಜೋರು, ಕೊನೆಯ ಸುತ್ತು ಬ್ರೇಕು ಮುಟ್ಟದೆ ತಣ್ಣಗೆ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕು ಎಳೆಯುವುದಿಲ್ಲ, ಗಾಲಿಗೆ ಕಲ್ಲು ಕೊಡುತ್ತಾನೆ. ಪ್ರತಿ ಸರದಿಯ ನಂತರ ನಾಲ್ಕೂ ಗಾಲಿಯ ಗಾಳಿ ಬರೆದಿಡುತ್ತಾನೆ. ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ತಣ್ಣನೆಯ ಟೈರಿಗೆ ಮತ್ತೆ ಗಾಳಿ ಹಿಡಿಸಿ, ಗಾಲಿಯ ನಟ್ಟು ಬಿಗಿದು, ಪಕ್ಕೆಯ ಒಳಬದಿಯನ್ನೂ ಕೈಯಾಡಿಸಿ ನೋಡಿ ಹೊರಡುತ್ತಾನೆ. ಊರಿನಲ್ಲಿ ಕಾಯುವವರಿಗೆ ಈ ನೋಟುಬುಕ್ಕಿನ ಸುದ್ದಿಯಿಲ್ಲ. ಕಾರು ಅಂಗಳಕ್ಕೆ ಬಂದು ನಿಂತರೆ ಅವರಿಗೆ ಸಾಕು.

ಮೂರು ಟ್ರ್ಯಾಕ್ ಡೇ ಆದ ಮೇಲೆ ಮುಂದಿನ ಎರಡು ಟೈರು ಎರಡೂವರೆ ಮಿಲಿಮೀಟರಿಗೆ ಬಂದವು. ಹಿಂದಿನವು ಆರು. ಕಾನೂನಿನ ಗಡಿ ಇನ್ನೂ ದೂರವಿತ್ತು, ಆದರೆ ಮುಂಗಾರು ಹತ್ತಿರವಿತ್ತು. ಗೀರು ಆಳವಿಲ್ಲದ ಟೈರಿನಡಿಯಿಂದ ನೀರು ಹೊರಗೆ ಹೋಗದು. ಕಾರು ನೀರಿನ ಮೇಲೆ ತೇಲುತ್ತದೆ, ಬ್ರೇಕು ಸ್ಟಿಯರಿಂಗು ಎರಡೂ ಸುಮ್ಮನಾಗುತ್ತವೆ. ಎರಡು ಹೊಸ ಟೈರು ತಂದ. ಅವನ್ನು ಎಲ್ಲಿ ಹಾಕಬೇಕು ಎಂಬಲ್ಲಿ ಮಾವ ಅಳಿಯರಿಗೆ ಜಗಳ ಹತ್ತಿತು. ಮೈಸೂರಿನ ವಿಕ್ರಾಂತ್ ಟೈರು ಇನ್ನೂ ಜೆ.ಕೆ. ಕಂಪನಿಯ ಕೈಗೆ ಹೋಗದ, ಅಂದರೆ 1997ಕ್ಕೂ ಹಿಂದಿನ ಕಾಲದಿಂದ ಲಾರಿ ಓಡಿಸಿದ ಮಾವನ ನಿಯಮ ಒಂದೇ: ಒಳ್ಳೆಯ ಟೈರು ಮುಂದೆ, ಯಾಕೆಂದರೆ ಮುಂದಿನದು ಸಿಡಿದರೆ ಸ್ಟಿಯರಿಂಗು ಕೈಯಲ್ಲಿ ಇರುವುದಿಲ್ಲ. ಟೈರು ಕಂಪನಿಗಳು ಕಾರಿಗೆ ಹೇಳುವುದು ಬೇರೆ. ಹೊಸ ಜೋಡಿ ಹಿಂದಕ್ಕೆ. ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಹುಡುಗ ಹೊಸದನ್ನು ಹಿಂದಕ್ಕೆ ಹಾಕಿಸಿ, ಆರು ಮಿಲಿಮೀಟರಿನ ಜೋಡಿಯನ್ನು ಮುಂದಕ್ಕೆ ತಂದ. ಮಾವ ಇನ್ನೂ ಒಪ್ಪಿಲ್ಲ. ಕಾರು ಊರಿಗೆ ಬಂದಾಗಲೆಲ್ಲ ಅವನು ಮೊದಲು ಬಗ್ಗಿ ನೋಡುವುದು ಮುಂದಿನ ಎಡಗಾಲಿಯನ್ನು, ಆಮೇಲೆ ಅಳಿಯನ ಮುಖವನ್ನು.