ನಾಲೆ ಏರಿಯ ಮೇಲೆ ಮ್ಯಾರಥಾನ್

ಶ್ರೀರಂಗಪಟ್ಟಣ ಎಂದೊಡನೆ ನೆನಪಿಗೆ ಬರುವುದು ರಂಗನಾಥಸ್ವಾಮಿ ದೇಗುಲ, ಟಿಪ್ಪುವಿನ ಕೋಟೆ, ದರಿಯಾ ದೌಲತ್. ದೂರದ ಓಟಗಾರರಿಗೆ ಮಾತ್ರ ಈ ಊರು ಇನ್ನೊಂದು ಕಾರಣಕ್ಕೆ ಪರಿಚಿತ. ಅದೇ ಕಾವೇರಿ ಟ್ರೇಲ್ ಮ್ಯಾರಥಾನ್.

ಜಗತ್ತಿನಲ್ಲಿ ವಿಚಿತ್ರ ಮ್ಯಾರಥಾನ್‌ಗಳಿಗೆ ಕೊರತೆಯಿಲ್ಲ. ಫ್ರಾನ್ಸಿನ ಮೆಡಾಕ್‌ನಲ್ಲಿ ಬಣ್ಣಬಣ್ಣದ ವೇಷ ತೊಟ್ಟು ದ್ರಾಕ್ಷಿ ತೋಟಗಳ ನಡುವೆ ಓಡುತ್ತಾರೆ. ಚೀನಾದ ಮಹಾಗೋಡೆಯ ಮೇಲೆ 1999ರಲ್ಲಿ ಆರಂಭವಾದ ಓಟದಲ್ಲಿ 5,164 ಮೆಟ್ಟಿಲುಗಳಿವೆ. ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಐದು ಸಲ ಎಣಿಸಿದಂತೆ! ಕಾವೇರಿಯ ಓಟದಲ್ಲಿ ವೇಷವೂ ಇಲ್ಲ, ಬೆಟ್ಟವೂ ಇಲ್ಲ. ಟಾರು ರಸ್ತೆಯೂ ಇಲ್ಲ ಎಂಬುದೇ ಅದರ ವಿಶೇಷ.

ಬೆಂಗಳೂರಿನ 'ರನ್ನರ್ಸ್ ಫಾರ್ ಲೈಫ್' ಬಳಗ ಹುಟ್ಟುಹಾಕಿದ ಈ ಓಟದ ಹಾದಿ ರಂಗನತಿಟ್ಟಿನ ಸಮೀಪದಿಂದ ವಿರಿಜಾ ನಾಲೆಯ ಮಣ್ಣಿನ ಏರಿ ಹಿಡಿದು ಸಾಗುತ್ತದೆ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಭತ್ತ, ಕಬ್ಬು. ಶೀಳನೆರೆ, ಕೆ.ಆರ್. ಪೇಟೆ ಕಡೆಯವರಿಗೆ ನಾಲೆ ಏರಿ ಹೊಸದೇನಲ್ಲ. ಅದು ಗದ್ದೆಗೆ ಹೋಗುವ ದಾರಿ, ದನ ಹೊಡೆದುಕೊಂಡು ಬರುವ ದಾರಿ. ಪಟ್ಟಣದಿಂದ ಬಂದವರು ದುಬಾರಿ ಬೂಟು ತೊಟ್ಟು ಓಡುವುದು ಅದೇ ದಾರಿಯಲ್ಲಿ.

ಪಕ್ಕದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯೇ ಇದಕ್ಕೆ ಕಾರಣ. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ಮೂಡಿದ ನಡುಗಡ್ಡೆಗಳೇ ಹಕ್ಕಿಗಳ ಮನೆ. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ ಆಯಿತು. ಬೇಸಾಯಕ್ಕೆಂದು ಹಿರಿಯರು ಕಟ್ಟಿದ್ದು ಹಕ್ಕಿಗೂ ಆಸರೆಯಾಯಿತು, ಓಟಗಾರನಿಗೂ ಒದಗಿತು.

ಪೂರ್ಣ ಮ್ಯಾರಥಾನ್ 42.195 ಕಿಲೋಮೀಟರ್. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಓಡಿ ಗೆದ್ದದ್ದು ಸುಮಾರು 40 ಕಿಲೋಮೀಟರ್ ಮಾತ್ರ. ಈಗಿನ ಅಳತೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ; ಅದು ಕಾಯಂ ಆದದ್ದು 1921ರಲ್ಲಿ.

ಸಮತಟ್ಟು ದಾರಿ ಎಂದು ಹಗುರವಾಗಿ ಭಾವಿಸಬೇಡಿ. ಬೆಳಗಿನ ತಂಪಿನಲ್ಲಿ ಹುರುಪಿನಿಂದ ಓಡಿದವರಿಗೆ ಬಿಸಿಲೇರಿದಾಗ ಏರಿಯ ಮೇಲೆ ನೆರಳು ಸಿಗುವುದು ಕಷ್ಟ. ಸುಮಾರು 30 ಕಿಲೋಮೀಟರ್ ದಾಟುವ ಹೊತ್ತಿಗೆ ದೇಹ ಕೂಡಿಟ್ಟ ಸಕ್ಕರೆಯ ಅಂಶ ಮುಗಿಯುತ್ತ ಬರುತ್ತದೆ. ಕಾಲು ಕಲ್ಲಾಗುತ್ತದೆ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ಸಾಲದು. ತಲೆ ಸುತ್ತಿದರೂ ಹಟ ಹಿಡಿದು ಓಡಿದರೆ ಪ್ರಾಣಕ್ಕೇ ಕುತ್ತು. ಓಟ ನಿಲ್ಲಿಸಿ ನೆರಳಿಗೆ ಬರುವುದು ಸೋಲಲ್ಲ, ಅದು ವಿವೇಕ.

ಇಂಥ ಓಟದಲ್ಲಿ ಮೊದಲ ಬಹುಮಾನಕ್ಕಾಗಿ ಓಡುವವರು ಬೆರಳೆಣಿಕೆಯಷ್ಟು. ಉಳಿದವರ ಪೈಪೋಟಿ ಅವರವರ ಹಿಂದಿನ ಓಟದೊಡನೆ. ಮಕ್ಕಳ ಅಂಕವನ್ನು ಪಕ್ಕದ ಮನೆಯ ಮಕ್ಕಳ ಅಂಕದೊಡನೆ ತೂಗಿ ನೋಡುವ ತಂದೆ ತಾಯಿಯರು ಇದನ್ನು ಗಮನಿಸಬೇಕು. ಆರಂಭದಲ್ಲೇ ಕಸುವೆಲ್ಲ ಖರ್ಚು ಮಾಡಿದವನು ಕೊನೆಯಲ್ಲಿ ಕುಂಟುವುದು ಪರೀಕ್ಷೆಯ ತಯಾರಿಯಲ್ಲೂ ಉಂಟಲ್ಲವೇ?

ಪೂರ್ಣ ಮ್ಯಾರಥಾನ್‌ಗೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮೂರಿನ ನಾಲೆ ಏರಿಯ ಮೇಲೆ ಮುಂಜಾನೆ ಎರಡು ಮೂರು ಕಿಲೋಮೀಟರ್ ಓಡಬಹುದು. ಅದಕ್ಕೆ ಪ್ರವೇಶ ಶುಲ್ಕವಿಲ್ಲ. ಎದುರಿಗೆ ದನ ಬಂದರೆ ದಾರಿ ಬಿಟ್ಟು ನಿಂತರಾಯಿತು.