ನೀನು ಹೋಗಿ ನೀವು ಬಂದಾಗ

ಕಳೆದ ದಸರೆಯ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ರಂಗಂಪೇಟೆಗೆ ಬಂದಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಅವಳ ಶಾಲೆಯಲ್ಲಿ ಫ್ರೆಂಚನ್ನೂ ಒಂದು ಭಾಷೆಯಾಗಿ ಕಲಿಸುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ಮುತ್ಯಾ, ಫ್ರೆಂಚರು ಪ್ರೀತಿಯಿಂದ ಏನಂತ ಕರೀತಾರೆ ಗೊತ್ತಾ? 'ಮೋಂ ಶೂ' ಅಂತೆ. ಅಂದ್ರೆ, ನನ್ನ ಎಲೆಕೋಸೇ!"

ಅಡುಗೆಮನೆಯಿಂದಲೇ ನನ್ನ ಮನೆಯವರು, "ಕ್ಯಾಬೀಜ ಅಂತ ಕರದ್ರ ಯಾರರ 'ಓ' ಅಂತಾರೇನ?" ಎಂದರು. ಮಕ್ಕಳನ್ನು 'ನನ್ನ ಚಿಗಟವೇ' ಎಂದು ಮುದ್ದಿಸುವ ವಾಡಿಕೆಯೂ ಆ ಭಾಷೆಯಲ್ಲಿದೆ ಎಂದು ಹುಡುಗಿ ಹೇಳಿದಾಗ ನಗೆ ಇನ್ನೂ ಹೆಚ್ಚಾಯಿತು. ಆದರೆ ನಗುವುದಕ್ಕೆ ನಮಗೇನು ಅಧಿಕಾರವಿದೆ? ಬಂಗಾರ, ಮುತ್ತು, ಗಿಣಿ ಎಂದು ಕರೆಯುವ ನಾವೇ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಕದಿರಲೆಂದು ಕೂಸಿಗೆ ತಿಪ್ಪಣ್ಣ, ತಿಪ್ಪವ್ವ ಎಂದು ತಿಪ್ಪೆಯ ಹೆಸರಿಟ್ಟವರು. ಮುದ್ದಿನ ಮಾತಿನ ಸಿಹಿ ಅದರ ಅರ್ಥದಲ್ಲಿ ಇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂದು ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ಫ್ರೆಂಚಿನಲ್ಲಿ 'ತ್ಯು' ಎಂದರೆ ನೀನು, 'ವು' ಎಂದರೆ ನೀವು. ಈ ಸಂಗತಿ ನನಗೆ ತಿಳಿಯದ್ದೇನಲ್ಲ. ಆದರೆ ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ಫ್ರೆಂಚ್ ಕಾದಂಬರಿಗಳನ್ನೆಲ್ಲ ಓದಿದ್ದು ಇಂಗ್ಲಿಷಿನಲ್ಲಿ. ಇಂದಿನ ಇಂಗ್ಲಿಷಿಗೆ ಇರುವುದು ಒಂದೇ 'ಯು'. ರಾಜನಿಗೂ ಅದೇ, ನಾಯಿಗೂ ಅದೇ. ಹೀಗಾಗಿ ಆ ಕಾದಂಬರಿಗಳ ಸಂಭಾಷಣೆಯಲ್ಲಿ ಯಾರು ಯಾರಿಗೆ ಎಷ್ಟು ಹತ್ತಿರ, ಯಾವ ಪುಟದಲ್ಲಿ ದೂರವಾದರು ಎಂಬುದು ನನ್ನ ಕಣ್ಣಿಗೆ ಬೀಳದೆಯೇ ಉಳಿದಿತ್ತು. 'ಅಯ್ಯಾ' ಎನ್ನುವುದಕ್ಕೂ 'ಎಲವೋ' ಎನ್ನುವುದಕ್ಕೂ ಇರುವ ಅಂತರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರಿಂದ ಕಲಿತ ನಾಡಿನವನು ನಾನು. ಆ ಪುಸ್ತಕಗಳನ್ನು ಕನ್ನಡದ ಕಿವಿಯಿಂದ ಕೇಳಿಸಿಕೊಳ್ಳಬೇಕಾಗಿತ್ತು.

ಮೊಪಾಸಾನ 'ನೆಕ್ಲೇಸ್' ಕತೆಯನ್ನೇ ನೋಡಿ. 1884ರಲ್ಲಿ ಪ್ರಕಟವಾದ ಈ ಕತೆಯನ್ನು ಮಳೆ ಬಂದು ಮಕ್ಕಳ ಹಾಜರಿ ಕಡಿಮೆಯಾದ ದಿನ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮತಿಲ್ಡ್ ತನ್ನ ಸಿರಿವಂತ ಗೆಳತಿಯಿಂದ ಹಾರವನ್ನು ಎರವಲು ತರುವಾಗ ಗೆಳತಿ 'ನೀನು' ಎಂದು ಮಾತನಾಡಿಸಿ, 'ಆರಿಸಿಕೋ' ಎನ್ನುತ್ತಾಳೆ. ಹಾರ ಕಳೆದು, ಅದರ ಸಾಲ ತೀರಿಸುವುದರಲ್ಲಿ ಹತ್ತು ವರ್ಷ ಸವೆದು, ಒರಟಾದ ಕೈಗಳ ಬಡವಿಯಾಗಿ ಮತಿಲ್ಡ್ ಒಂದು ದಿನ ದಾರಿಯಲ್ಲಿ ಆ ಗೆಳತಿಯನ್ನು ಹೆಸರು ಹಿಡಿದು ಕರೆದಾಗ, ಇಂಥ ಹೆಂಗಸು ತನ್ನನ್ನು ಇಷ್ಟು ಸಲಿಗೆಯಿಂದ ಕರೆಯುವುದೇ ಎಂದು ಅವಳು ಬೆರಗಾಗುತ್ತಾಳೆ. 'ನೀವು' ಎಂದು, 'ಅಮ್ಮಾವರೇ' ಎಂದು ಉತ್ತರಿಸುತ್ತಾಳೆ. ಗುರುತು ಸಿಕ್ಕ ಕೂಡಲೇ ಮತ್ತೆ 'ನೀನು'. ಹತ್ತು ವರ್ಷದ ಬಡತನವೆಲ್ಲ ಆ ಒಂದು ಸರ್ವನಾಮದ ಏರಿಳಿತದಲ್ಲಿದೆ. ಕನ್ನಡದಲ್ಲಿ ಕತೆ ಹೇಳುವಾಗ ನನ್ನ ನಾಲಗೆ ತಾನಾಗಿಯೇ ಅಲ್ಲಿ 'ನೀವು' ಎಂದು ಹೊರಳುತ್ತಿತ್ತು. ಹಿಂದಿನ ಬೆಂಚಿನ ಹುಡುಗರೂ ಆಗ ಸುಮ್ಮನಾಗುತ್ತಿದ್ದರು.

ಮುದ್ದಿನ ಮಾತೆಲ್ಲ ಮುದ್ದಿಗಾಗಿಯೇ ಹುಟ್ಟುತ್ತದೆಂದು ತಿಳಿಯಬೇಕಾಗಿಲ್ಲ. ಫ್ಲೋಬೇರನ 'ಮದಾಂ ಬೋವರಿ' 1857ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಎಮ್ಮಾ ತನ್ನ ಪ್ರಿಯಕರನನ್ನು ದೊರೆ ಎಂದೂ ದೇವರೆಂದೂ ಕರೆಯುತ್ತಾಳೆ. ಅವೇ ಮಾತುಗಳನ್ನು ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿ ಸವೆದುಹೋಗಿದ್ದ ಅವನಿಗೆ ಇವಳ ಮಾತಿನ ಹಿಂದಿನ ನಿಜ ಗೊತ್ತಾಗುವುದೇ ಇಲ್ಲ. ಬಾಲ್ಝಾಕನ 'ಯೂಜೆನಿ ಗ್ರಾಂದೆ' 1833ರ ಕಾದಂಬರಿ. ಅಲ್ಲಿನ ಜಿಪುಣ ತಂದೆ ಮಗಳನ್ನು 'ಫಿಫಿಯ್' ಎನ್ನುತ್ತಾನೆ. ನಮ್ಮ ಮಾತಿನಲ್ಲಿ 'ಪುಟ್ಟ ಮಗಳೇ' ಎಂದಂತೆ. ಹೆಂಡತಿ ತೀರಿಕೊಂಡ ಮೇಲೆ, ತಾಯಿಯ ಆಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಮಗಳಿಂದ ಸಹಿ ಹಾಕಿಸಿಕೊಳ್ಳುವ ಹೊತ್ತಿನಲ್ಲಿ ಅವನ ಮಾತಿಗೆ ಬರುವ ಜೇನು ಬೇರೆ ದಿನ ಬರುವುದಲ್ಲ. ಇದನ್ನು ಓದುವಾಗ ನನಗೆ ಫ್ರಾನ್ಸ್ ದೂರವೆನಿಸಲಿಲ್ಲ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತಲ್ಲವೇ? ನೋಂದಣಿ ಕಚೇರಿಯ ಬೇವಿನ ಗಿಡದ ನೆರಳಿನಲ್ಲಿ, ವರ್ಷಗಟ್ಟಲೆ ನಾಗರಪಂಚಮಿಗೂ ಕರೆಯದ ಅಣ್ಣಂದಿರು ತಂಗಿಗೆ ಚಹಾ ತರಿಸಿ, "ನಮ್ಮವ್ವ, ನಮ್ಮ ತಾಯಿ, ಇಲ್ಲೊಂದು ಸಹಿ ಮಾಡವ್ವ" ಎನ್ನುವುದನ್ನು ನಾನೇ ಕೇಳಿದ್ದೇನೆ. ತಂಗಿಯೂ ಮಾಡುತ್ತಾಳೆ. ಹೊಲಕ್ಕಾಗಿ ಅಲ್ಲ, 'ಅವ್ವಾ' ಎಂಬ ಆ ಕರೆಗಾಗಿ.

ಇಂಥದೇ ಒಂದು ಕರೆ ನಮ್ಮ ನೆರೆಯ ಸುರಪುರದ ಇತಿಹಾಸದಲ್ಲಿಯೂ ಇದೆ. ಅಲ್ಲಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿ ವಾಸವಾಗಿದ್ದವನು ಕರ್ನಲ್ ಮೆಡೋಸ್ ಟೇಲರ್. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಈ ಇಂಗ್ಲಿಷ್ ಅಧಿಕಾರಿ, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರ ಮೇಲ್ವಿಚಾರಕನಾಗಿ 1853ರವರೆಗೆ ಆಡಳಿತ ನಡೆಸಿದ. ಬಾಲರಾಜರು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದರೆಂಬುದನ್ನು ಅವನೇ ತನ್ನ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾನೆ. ಇಂಗ್ಲಿಷ್ ಪುಟದ ನಡುವೆ ನಮ್ಮ 'ಅಪ್ಪಾ' ಹಾಗೆಯೇ ಉಳಿದಿದೆ. 1858ರಲ್ಲಿ ಅದೇ ರಾಜರು ಬ್ರಿಟಿಷರ ವಿರುದ್ಧ ಎದ್ದು ನಿಂತು, ಸೆರೆಯಾಗಿ, ಅದೇ ವರ್ಷ ಇಲ್ಲವಾದರು. ಸೆರೆಯಲ್ಲಿದ್ದ ರಾಜರನ್ನು ಟೇಲರ್ ಹೋಗಿ ಕಂಡಿದ್ದ. 'ಅಪ್ಪಾ' ಎನ್ನಿಸಿಕೊಂಡವನು ಬ್ರಿಟಿಷ್ ಅಧಿಕಾರಿ. ಎಂದವರು ಕಂಪನಿಯ ಸೆರೆಯಾಳು. ಆ ಕರೆಯಲ್ಲಿ ಪ್ರೀತಿಯೆಷ್ಟು, ಬಾಲ್ಯದ ರೂಢಿಯೆಷ್ಟು, ಸಂಕಟವೆಷ್ಟು? ಅಳೆಯುವ ಸೇರು ನನ್ನಲ್ಲಿಲ್ಲ. ಟೇಲರ್ 1876ರಲ್ಲಿ ತೀರಿಕೊಂಡದ್ದು ಫ್ರಾನ್ಸಿನ ಮಾಂತೋಂ ಎಂಬ ಊರಿನಲ್ಲಿ. ಮರುವರ್ಷ ಆ ಆತ್ಮಕತೆ ಅಚ್ಚಾಯಿತು.

ಇನ್ನು, ಈ ಬರೆಹಕ್ಕೆ ಕಾರಣವಾದ ಪುಸ್ತಕಕ್ಕೆ ಬರುತ್ತೇನೆ. ವಿಕ್ಟರ್ ಹ್ಯೂಗೋನ 'ಲೆ ಮಿಜರಾಬ್ಲ್' 1862ರ ಬೃಹತ್ ಕಾದಂಬರಿ. ವಿದ್ಯಾರ್ಥಿಯಾಗಿದ್ದಾಗ ಅದರ ಸಂಕ್ಷಿಪ್ತ ಆವೃತ್ತಿಯನ್ನಷ್ಟೇ ಓದಿದ್ದೆ. ನಿವೃತ್ತಿಯ ನಂತರ ಪೂರ್ಣ ಪಾಠವನ್ನು ಇಂಗ್ಲಿಷಿನಲ್ಲಿ ಓದಿದೆ. ಕೈದಿಯಾಗಿದ್ದು ಹೊರಬಂದ ಜಾಂ ವಲ್ಜಾಂ, ಕೊಸೆತ್ ಎಂಬ ಅನಾಥ ಹುಡುಗಿಯನ್ನು ಮಗಳಾಗಿ ಸಾಕುತ್ತಾನೆ. ಅವಳ ಮದುವೆಯಾದ ಮರುದಿನ ತನ್ನ ಹಿಂದಿನ ಬದುಕನ್ನು ಅಳಿಯನಿಗೆ ಹೇಳಿ, ಇನ್ನು ತಾನು ಈ ಮನೆಯ ಸಂಬಂಧಿಯಲ್ಲವೆಂದು ತಾನಾಗಿಯೇ ಹಿಂದೆ ಸರಿಯುತ್ತಾನೆ. ಸರಿಯುವ ಬಗೆ ಹೇಗೆ? ಮಗಳಿಗೆ ತನ್ನನ್ನು 'ಅಪ್ಪಾ' ಎನ್ನದೆ 'ಶ್ರೀಮಾನ್ ಜಾಂ' ಎನ್ನಲು ಹೇಳುತ್ತಾನೆ. ತಾನು ಅವಳನ್ನು 'ಮದಾಂ' ಎನ್ನತೊಡಗುತ್ತಾನೆ. ಒಂದು ದಿನ ಅವಳು ಮರೆತು 'ಅಪ್ಪಾ' ಎಂದಾಗ ಮುದುಕನ ಮುಖದಲ್ಲಿ ಬೆಳಕು ಮಿಂಚುತ್ತದೆ. ಆದರೂ ಅವನೇ ಅವಳನ್ನು ತಿದ್ದುತ್ತಾನೆ. ಅವಳು ನಕ್ಕು ತಿದ್ದಿಕೊಳ್ಳುತ್ತಾಳೆ. ಅವನು ಕಣ್ಣೊರೆಸಿಕೊಳ್ಳಲು ಮುಖ ತಿರುಗಿಸುತ್ತಾನೆ.

ಈ ದಸರೆಯಲ್ಲಿ ಮೊಮ್ಮಗಳು ಆ ಭಾಗದ ಮೂಲವನ್ನು ಫೋನಿನಲ್ಲಿ ಹುಡುಕಿ, ತಡವರಿಸುತ್ತ ಓದಿ ತೋರಿಸಿದಳು. ಮಗುವಾಗಿದ್ದಾಗಿನಿಂದ ಕೊಸೆತ್‌ಳಿಗೆ 'ತ್ಯು' ಎಂದೇ ಮಾತನಾಡುತ್ತಿದ್ದ ವಲ್ಜಾಂ ಇಲ್ಲಿ 'ವು' ಎನ್ನುತ್ತಾನೆ. ನೀನು ಹೋಗಿ ನೀವು ಬಂದಿದೆ. ಕೊನೆಗೆ ಸಾಯುವ ಹೊತ್ತಿನಲ್ಲಿ ಅವಳು ಬಾಗಿಲಲ್ಲಿ ಕಂಡಾಗ ಮೊದಲು ಅವನ ಬಾಯಿಂದ ಬರುವುದು 'ನೀವು', ಮರುಕ್ಷಣವೇ 'ನೀನು'.

"ಮುತ್ಯಾ, ಯಾಕೆ ಸುಮ್ನಾದೆ?" ಎಂದಳು ಹುಡುಗಿ.

ನಾನು ಸುಮ್ಮನಾದದ್ದು ಏಕೆಂದು ಈಗ ಹೇಳಬೇಕು.

ನಮ್ಮಪ್ಪ ಓದಿದವನಲ್ಲ. ಮಳೆ ನಂಬಿದ ನಾಲ್ಕು ಎಕರೆ ಹೊಲ, ಜೋಳ, ಶೇಂಗಾ. ಅವನು ನನ್ನನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. 'ಯಪ್ಪಾ' ಎನ್ನುತ್ತಿದ್ದ. ನಮ್ಮ ಕಡೆ ಮಗನನ್ನು ಅಪ್ಪನೆಂದೂ ಮಗಳನ್ನು ಅವ್ವನೆಂದೂ ಕರೆಯುವುದು ವಾಡಿಕೆ. "ಬಾರೋ ಯಪ್ಪಾ", "ಉಣ್ಣೋ ನಮ್ಮಪ್ಪ". ನಾನೂ ಅವನಿಗೆ 'ನೀ' ಎಂದೇ ಅನ್ನುತ್ತಿದ್ದೆ. ಹೊಲ ಒತ್ತೆಯಿಟ್ಟು ನನ್ನನ್ನು ಗುಲಬರ್ಗಾಕ್ಕೆ ಕಳಿಸಿ ಬಿ.ಎ., ಬಿ.ಇಡಿ. ಮಾಡಿಸಿದ. 1984ರಲ್ಲಿ ನನಗೆ ನೌಕರಿ ಸಿಕ್ಕಿತು.

ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ಹೇಳದೆ ಕೇಳದೆ ಅಪ್ಪ ಶಾಲೆಗೆ ಬಂದ. ತಲೆಗೆ ಮಾಸಿದ ರುಮಾಲು, ಮೊಣಕಾಲವರೆಗೆ ಕಟ್ಟಿದ ಧೋತರ, ಹೆಗಲ ಮೇಲೆ ಜೋಳದ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಆಗ ನಾನು ಹೊಸ ಪ್ಯಾಂಟು ತೊಟ್ಟು, ಹಿರಿಯ ಶಿಕ್ಷಕರ ನಡುವೆ ಇಂಗ್ಲಿಷಿನಲ್ಲಿ ಮಾತನಾಡುತ್ತ ನಿಂತಿದ್ದೆ. "ಯಾರ್ರೀ ಇವರು?" ಎಂದು ಒಬ್ಬರು ಕೇಳಿದರು.

"ನಮ್ಮ ಊರವರು" ಎಂದೆ.

ಅಪ್ಪ ಅದನ್ನು ಕೇಳಿಸಿಕೊಂಡ. ಮುಖದ ಮೇಲೆ ಏನೂ ತೋರಿಸಲಿಲ್ಲ. ಚೀಲ ಇಳಿಸಿ, ಅವರಿಗೆ ಕೈಮುಗಿದು, "ಹೌದ್ರೀ ಸಾಹೇಬ್ರ, ನಾ ಮಾಸ್ತರ ಊರಾವ. ಇದನ್ನ ಕೊಟ್ಟು ಹೋಗ್ರಿ ಅಂತ ಅವರ ಮನ್ಯಾಗ ಹೇಳಿದ್ರು" ಎಂದ. ನನ್ನ ಸುಳ್ಳಿಗೆ ಅವನೇ ಊರುಗೋಲಾದ. ಅನಂತರ ನನ್ನ ಕಡೆ ತಿರುಗಿ, "ಬರ್ತೀನ್ರೀ ಮಾಸ್ತರ" ಎಂದು ಹೇಳಿ, ನೀರನ್ನೂ ಕುಡಿಯದೆ ನಡೆದುಬಿಟ್ಟ.

ಅಂದಿನಿಂದ ಅವನಿಗೆ ನಾನು 'ಮಾಸ್ತರ'ನಾದೆ. ಮನೆಯಲ್ಲಿಯೂ ಅಷ್ಟೇ. "ಮಾಸ್ತರ, ಉಂಡ್ರೇನು?" "ಯಾವಾಗ ಬಂದ್ರಿ?" ಮಗ ನೌಕರಿ ಹಿಡಿದನೆಂಬ ಅಭಿಮಾನ ಎಂದು ಓಣಿಯವರು ಅಂದರು. ಅವ್ವ ನಕ್ಕಳು. ನಾನೂ ಹಾಗೆಯೇ ತಿಳಿದೆ, ಅಥವಾ ತಿಳಿದಂತೆ ಇದ್ದೆ. ನಾನು ಅವನಿಗೆ ಮೊದಲಿನಂತೆ 'ನೀ' ಎನ್ನುತ್ತಿದ್ದೆ. ಅವನು ನನಗೆ 'ನೀವು' ಎನ್ನುತ್ತಿದ್ದ. "ಮೊದಲಿನಂಗ ಕರಿ ಅಪ್ಪಾ" ಎನ್ನಲು ನನಗೆ ಹದಿಮೂರು ವರ್ಷ ಇತ್ತು. ಅನ್ನಲಿಲ್ಲ. ಅಂದರೆ ಶಾಲೆಯ ಬಾಗಿಲಿನ ಮಾತು ಎತ್ತಬೇಕಾಗುತ್ತದಲ್ಲ ಎಂಬ ಅಂಜಿಕೆ.

1997ರ ಶ್ರಾವಣದಲ್ಲಿ ಅಪ್ಪ ಹಾಸಿಗೆ ಹಿಡಿದ. ಕೊನೆಯ ರಾತ್ರಿ ಜ್ವರದ ಮಂಪರಿನಲ್ಲಿ, "ಯಪ್ಪಾ, ನೀರು ಕೊಡೋ" ಎಂದ. ನಾನು ಚಮಚದಿಂದ ನೀರು ಹಾಕಿದೆ. ಕಣ್ಣು ತೆರೆಯಲಿಲ್ಲ. ಅವನು ಕರೆದದ್ದು ನನ್ನನ್ನೋ, ಎಂದೋ ತೀರಿಹೋಗಿದ್ದ ತನ್ನ ತಂದೆಯನ್ನೋ? ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಶಬ್ದ. ಫ್ರೆಂಚಿನಲ್ಲಿ ಆಗಿದ್ದರೆ ತಿಳಿಯುತ್ತಿತ್ತೇನೋ.

ಹ್ಯೂಗೋನ ಮುದುಕ ಮಗಳಿಗೆ ಕಳಂಕ ತಟ್ಟಬಾರದೆಂದು 'ನೀವು' ಎಂದ. ನಮ್ಮಪ್ಪ ಒಂದಕ್ಷರ ಓದಿದವನಲ್ಲ. ಮಗನಿಗೆ ನಾಚಿಕೆಯಾಗಬಾರದೆಂದು 'ನೀವು' ಎಂದ. ಮರ್ಯಾದೆಯ ಮಾತು ಎಂದು ನಾವು ತಿಳಿದದ್ದು ಕೆಲವೊಮ್ಮೆ ಒಬ್ಬರು ಸದ್ದಿಲ್ಲದೆ ಎದ್ದು ಹೊರಗೆ ಹೋದ ಗುರುತಾಗಿರುತ್ತದೆ. ನಲವತ್ತು ವರ್ಷ ಕಳೆದ ಮೇಲೆ, ಪರದೇಶದ ಒಂದು ಪುಸ್ತಕದಲ್ಲಿ, ಮೊಮ್ಮಗಳ ಬೆರಳು ತೋರಿಸಿದ ಸಾಲಿನಲ್ಲಿ ಅದು ನನಗೆ ಕಂಡಿತು.

ಅಂದು ಸಂಜೆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ನನ್ನ ಮನೆಯವರೂ ಆ ಶಾಲೆಯ ಬಾಗಿಲಿನ ಸಂಗತಿಯನ್ನು ಮೊದಲ ಬಾರಿಗೆ ಕೇಳಿದರು. ಹುಡುಗಿ ಬಹಳ ಹೊತ್ತು ಏನೂ ಅನ್ನಲಿಲ್ಲ. ರಜೆ ಮುಗಿದು ಬಸ್ ಹತ್ತುವಾಗ ಮಾತ್ರ ಕೇಳಿದಳು: "ಮುತ್ಯಾ, ಆಮೇಲೆ ನೀನು ಅವರಿಗೆಲ್ಲ ನಿಜ ಹೇಳಲೇ ಇಲ್ವಾ?"

ಇಲ್ಲವ್ವಾ, ಹೇಳಿರಲಿಲ್ಲ. ಅಂದು ಅಲ್ಲಿದ್ದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ ಗೊತ್ತಿಲ್ಲ. ಉಳಿದವರು ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ: 1984ರಲ್ಲಿ ಜೋಳದ ಚೀಲ ಹೊತ್ತು ಶಾಲೆಗೆ ಬಂದಿದ್ದವನು ನಮ್ಮ ಊರವನಷ್ಟೇ ಅಲ್ಲ. ಅವನು ನಮ್ಮಪ್ಪ.