ಎರಡು ಹಲಗೆಗಳ ಊರು ಬಾಲ್ಟಿಮೋರ್

ಊರನ್ನು ನೋಡದೆಯೇ ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವುದು ಟೆಲಿವಿಷನ್ ಬಂದ ಮೇಲೆ ಬಹಳ ಸುಲಭವಾಗಿದೆ. ಅಮೆರಿಕದ ಬಾಲ್ಟಿಮೋರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಗನಿಗೋ ಮಗಳಿಗೋ ಸೀಟು ಸಿಕ್ಕಿತೆಂದು ಸಿಹಿ ಹಂಚಿದ ಮನೆಗೆ ಮರುದಿನವೇ ಯಾರಾದರೂ ಬಂಧುಗಳು ಬಂದು, ‘ಅಯ್ಯೋ, ಅದು ಕೊಲೆಗಳ ಊರಂತಲ್ಲ!’ ಎಂದು ಹೆದರಿಸಿ ಹೋಗುತ್ತಾರೆ. ಹಾಗೆ ಹೇಳುವವರಲ್ಲಿ ಬಹುಪಾಲು ಮಂದಿ ಆ ಊರನ್ನು ಕಂಡದ್ದು ಕಿರುತೆರೆಯ ಮೇಲೆ ಮಾತ್ರ.

ಅವರ ಮಾತು ಸುಳ್ಳೇನಲ್ಲ. ಆದರೆ ಅರ್ಧ ಮಾತು. ಬಾಲ್ಟಿಮೋರಿನ ಜನ ತಮ್ಮ ಊರಿನ ಲೆಕ್ಕವನ್ನು ಎರಡು ಹಲಗೆಗಳ ಮೇಲೆ ಓದುತ್ತ ಬಂದವರು. ಒಂದು, ಪೊಲೀಸ್ ಠಾಣೆಯಲ್ಲಿ ಕೊಲೆಯಾದವರ ಹೆಸರು ಬರೆಯುವ ಹಲಗೆ. ಇನ್ನೊಂದು, ಬೇಸ್‌ಬಾಲ್ ಮೈದಾನದಲ್ಲಿ ಓಟಗಳನ್ನು ತೋರಿಸುವ ಹಲಗೆ. ಮೊದಲನೆಯದನ್ನು ಒಂದು ಧಾರಾವಾಹಿ ಲೋಕಕ್ಕೆಲ್ಲ ತೋರಿಸಿತು. ಎರಡನೆಯದನ್ನು ನೋಡಬೇಕಾದರೆ ಊರಿಗೇ ಹೋಗಬೇಕು.

ಬಂದರಿನ ಊರು

ರಾಜಧಾನಿ ವಾಷಿಂಗ್ಟನ್‌ನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಚೆಸಪೀಕ್ ಕೊಲ್ಲಿಯ ಅಂಚಿಗೆ ಬಾಲ್ಟಿಮೋರ್ ಇದೆ. 1729ರಲ್ಲಿ ಹುಟ್ಟಿದ ಬಂದರು ಪಟ್ಟಣ. ಹಡಗು, ರೈಲು, ಉಕ್ಕು ಈ ಮೂರನ್ನು ನಂಬಿ ಬೆಳೆದದ್ದು. 1950ರಲ್ಲಿ ಇಲ್ಲಿ ಒಂಬತ್ತೂವರೆ ಲಕ್ಷ ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳ್ಳವರು ಹೊರವಲಯಕ್ಕೆ ಹೋದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 5.85 ಲಕ್ಷ. ಸಾಲು ಮನೆಗಳ ಬೀದಿಗಳಲ್ಲಿ ಕಿಟಕಿಗೆ ಹಲಗೆ ಬಡಿದ ಖಾಲಿ ಮನೆಗಳು ಇಂದಿಗೂ ಕಾಣುತ್ತವೆ. ಬಡತನ, ಮಾದಕ ವಸ್ತು, ಬಂದೂಕು ಮೂರೂ ಅಲ್ಲಿಗೆ ಒಟ್ಟಿಗೇ ಬಂದವು.

ಪತ್ತೇದಾರಿ ಕಥೆಗೂ ಈ ಊರಿಗೂ ಹಳೆಯ ನಂಟು. ಪತ್ತೇದಾರಿ ಸಾಹಿತ್ಯದ ಮೂಲಪುರುಷ ಎನಿಸಿಕೊಂಡ ಎಡ್ಗರ್ ಅಲನ್ ಪೋ 1849ರಲ್ಲಿ ಸತ್ತದ್ದು ಇಲ್ಲಿಯೇ, ಸಮಾಧಿಯೂ ಇಲ್ಲಿಯೇ. ಬೀದಿಯಲ್ಲಿ ಪ್ರಜ್ಞೆ ತಪ್ಪಿದಂತೆ ಸಿಕ್ಕ ಆತ ನಾಲ್ಕು ದಿನಗಳಲ್ಲಿ ತೀರಿಕೊಂಡ. ಸಾವಿಗೆ ಕಾರಣವೇನೆಂಬುದು ಇಂದಿಗೂ ಬಗೆಹರಿದಿಲ್ಲ. ಪತ್ತೇದಾರನನ್ನು ಸೃಷ್ಟಿಸಿದವನ ಸಾವಿಗೇ ಪತ್ತೇದಾರ ಸಿಗಲಿಲ್ಲ!

ಕೆಂಪು ಶಾಯಿ, ಕಪ್ಪು ಶಾಯಿ

ಊರಿನ ನಡುವಣ ಇನ್ನರ್ ಹಾರ್ಬರ್‌ನಿಂದ ಪುಟ್ಟ ದೋಣಿ ಹತ್ತಿದರೆ ಫೆಲ್ಸ್ ಪಾಯಿಂಟ್ ಎಂಬ ಹಳೆಯ ಬಡಾವಣೆಯಲ್ಲಿ ಇಳಿಯಬಹುದು. ಕಲ್ಲು ಹಾಸಿದ ಬೀದಿಗಳು, ಇಟ್ಟಿಗೆಯ ಮನೆಗಳು. ಥೇಮ್ಸ್ ಬೀದಿಯಲ್ಲಿ ನೀರಿನೊಳಕ್ಕೆ ಚಾಚಿಕೊಂಡ ಒಂದು ದೊಡ್ಡ ಕಟ್ಟಡವಿದೆ. 1914ರಲ್ಲಿ ಕಟ್ಟಿದ್ದು, ಕೆಳಗೆ ಹಡಗುಕಟ್ಟೆ, ಮೇಲೆ ಜನರ ಮನರಂಜನೆಯ ಸಭಾಂಗಣ. 2017ರಿಂದ ಐಷಾರಾಮಿ ಹೋಟೆಲಾಗಿರುವ ಈ ಕಟ್ಟಡವನ್ನು 1993ರಿಂದ 1999ರವರೆಗೆ ಅಮೆರಿಕದ ಮನೆಮನೆಯೂ ಪೊಲೀಸ್ ಠಾಣೆಯೆಂದೇ ತಿಳಿದಿತ್ತು. ‘ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ ಧಾರಾವಾಹಿಯ ಕೊಲೆ ತನಿಖಾ ದಳದ ಕಚೇರಿ ಇದೇ ಆಗಿತ್ತು. ಕೆಲಸ ಮುಗಿಸಿದ ಪತ್ತೇದಾರರು ಹೋಗಿ ಕೂರುತ್ತಿದ್ದ ವಾಟರ್‌ಫ್ರಂಟ್ ಎಂಬ ಪಾನಗೃಹ ಎದುರಿಗೇ ಇದೆ.

ಧಾರಾವಾಹಿ ಶುರುವಾದ 1993ರಲ್ಲೇ ನಮ್ಮ ದೂರದರ್ಶನದಲ್ಲಿ ‘ಬ್ಯೋಮಕೇಶ್ ಬಕ್ಷಿ’ ಬರತೊಡಗಿತು. ಅಲ್ಲಿ ಕೊಲೆಗಾರ ಯಾರೆಂಬುದನ್ನು ಬ್ಯೋಮಕೇಶ ಕೊನೆಗೆ ಬಿಡಿಸಿ ಹೇಳುತ್ತಿದ್ದ. ನೋಡಿದವರು ನೆಮ್ಮದಿಯಿಂದ ಮಲಗುತ್ತಿದ್ದರು. ‘ಹೋಮಿಸೈಡ್’ ಆ ನೆಮ್ಮದಿ ಕೊಡಲಿಲ್ಲ. ಠಾಣೆಯ ಗೋಡೆಯ ಮೇಲೊಂದು ಬಿಳಿ ಹಲಗೆ. ಒಬ್ಬೊಬ್ಬ ಪತ್ತೇದಾರನ ಹೆಸರಿನ ಕೆಳಗೆ ಅವನ ಪಾಲಿಗೆ ಬಂದ ಕೊಲೆಯಾದವರ ಹೆಸರುಗಳು. ಪತ್ತೆಯಾಗದಿದ್ದರೆ ಕೆಂಪು ಶಾಯಿ, ಪತ್ತೆಯಾದರೆ ಕಪ್ಪು ಶಾಯಿ. ಹೊಸದಾಗಿ ಸೇರಿದ ಬೇಲಿಸ್ ಎಂಬ ಪತ್ತೇದಾರನಿಗೆ ಸಿಗುವ ಮೊದಲ ಪ್ರಕರಣವೇ ಹನ್ನೊಂದು ವರ್ಷದ ಹುಡುಗಿಯ ಕೊಲೆ. ಆ ಹೆಸರು ಕೊನೆಗೂ ಕಪ್ಪಾಗಲಿಲ್ಲ. ಕತೆಗಾರರು ಬೇಕೆಂದೇ ಹಾಗೆ ಬಿಟ್ಟರು, ಏಕೆಂದರೆ ನಿಜವಾಗಿ ನಡೆದದ್ದೂ ಹಾಗೆಯೇ.

ಧಾರಾವಾಹಿಗೆ ಆಧಾರವಾದದ್ದು ಡೇವಿಡ್ ಸೈಮನ್ 1991ರಲ್ಲಿ ಹೊರತಂದ ಪುಸ್ತಕ. ಸೈಮನ್ ‘ಬಾಲ್ಟಿಮೋರ್ ಸನ್’ ದೈನಿಕದ ಅಪರಾಧ ವರದಿಗಾರ. ಪತ್ರಿಕೆಗೆ ರಜೆ ಹಾಕಿ 1988ರ ಇಡೀ ವರ್ಷ ಕೊಲೆ ತನಿಖಾ ದಳದ ಜೊತೆಗೇ ತಿರುಗಿದರು. ಆ ವರ್ಷ ಊರಿನಲ್ಲಿ ನಡೆದ ಕೊಲೆಗಳು 234. ಅದನ್ನು ಕಿರುತೆರೆಗೆ ತಂದವರಲ್ಲಿ ಪ್ರಮುಖರಾದ ಬ್ಯಾರಿ ಲೆವಿನ್ಸನ್ ಇದೇ ಊರಿನ ಮಗ. ಸ್ಟುಡಿಯೋದ ರಟ್ಟಿನ ಬೀದಿಗಳು ಬೇಡವೆಂದು, ಕೈಯಲ್ಲೇ ಕ್ಯಾಮೆರಾ ಹಿಡಿದು ಬಾಲ್ಟಿಮೋರಿನ ಬೀದಿಗಳಲ್ಲೇ ಚಿತ್ರೀಕರಿಸಿದರು. ಒಮ್ಮೆ ಅಂಗಡಿ ಕಳ್ಳನೊಬ್ಬ ನಿಜವಾದ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತ ಚಿತ್ರೀಕರಣದ ನಡುವೆ ನುಗ್ಗಿ, ನಟರನ್ನೇ ಪೊಲೀಸರೆಂದು ತಿಳಿದು ಶರಣಾದನೆಂಬ ಪ್ರಸಂಗ ಆಗ ಪತ್ರಿಕೆಗಳಲ್ಲೂ ಬಂದಿತ್ತು.

ತಮ್ಮ ಊರಿನ ಹುಣ್ಣನ್ನು ಹೀಗೆ ಬಿಚ್ಚಿ ತೋರಿಸಿದ ಧಾರಾವಾಹಿಯನ್ನು ಅಲ್ಲಿನವರು ತಮ್ಮದೆಂದು ಹಚ್ಚಿಕೊಂಡದ್ದು ಏಕೆ? ಸುಳ್ಳು ಹೇಳಲಿಲ್ಲ ಎಂಬುದೇ ಮುಖ್ಯ ಕಾರಣವಿರಬೇಕು. ಸತ್ತವರಿಗೆ ಹೆಸರಿತ್ತು, ಹೆಸರಿಗೆ ಹಲಗೆಯ ಮೇಲೆ ಜಾಗವಿತ್ತು, ಮರುದಿನ ಬೆಳಿಗ್ಗೆ ಅದನ್ನು ಹುಡುಕಿಕೊಂಡು ಹೊರಡುವ ಒಬ್ಬ ಪತ್ತೇದಾರನಿದ್ದ.

ಇಪ್ಪತ್ತೊಂದು ಸೋಲು

ಸೈಮನ್ ಠಾಣೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಅದೇ 1988ರಲ್ಲಿ ಊರಿನ ಇನ್ನೊಂದು ಹಲಗೆಯೂ ಕೆಂಪಾಗಿತ್ತು. ಬಾಲ್ಟಿಮೋರಿನ ಬೇಸ್‌ಬಾಲ್ ತಂಡದ ಹೆಸರು ಓರಿಯೋಲ್ಸ್. ಓರಿಯೋಲ್ ಎಂಬುದು ಕಿತ್ತಳೆ-ಕಪ್ಪು ಬಣ್ಣದ ಹಕ್ಕಿ; ಮೇರಿಲ್ಯಾಂಡ್ ರಾಜ್ಯದ ಪಕ್ಷಿ. ನಮ್ಮ ಹೊನ್ನಕ್ಕಿಗೂ ಇಂಗ್ಲಿಷಿನಲ್ಲಿ ಓರಿಯೋಲ್ ಎಂದೇ ಹೆಸರು, ಕುಲ ಮಾತ್ರ ಬೇರೆ. ಈ ತಂಡ 1954ರಲ್ಲಿ ಸೇಂಟ್ ಲೂಯಿಸ್‌ನಿಂದ ಇಲ್ಲಿಗೆ ಬಂದು 1966, 1970 ಮತ್ತು 1983ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತ್ತು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥವಾಗದ ಆಟವೇನಲ್ಲ. ಚೆಂಡು ಎಸೆಯುವವನು, ಹೊಡೆಯುವವನು, ಹಿಡಿಯುವವರು ಇದ್ದೇ ಇದ್ದಾರೆ. ಒಂದು ತಂಡಕ್ಕೆ ಒಂಬತ್ತು ಸರದಿ. ಪ್ರತಿ ಸರದಿಯಲ್ಲಿ ಮೂವರು ಔಟಾದರೆ ಎದುರಾಳಿಯ ಪಾಳಿ. ದೊಡ್ಡ ವ್ಯತ್ಯಾಸವೆಂದರೆ, ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ 162 ಪಂದ್ಯಗಳು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಹಾಗಾಗಿ ಇದು ಹಬ್ಬವಲ್ಲ, ದಿನಚರಿ. ಊಟದ ಜೊತೆಗಿನ ಉಪ್ಪಿನಕಾಯಿಯ ಹಾಗೆ.

1988ರಲ್ಲಿ ಓರಿಯೋಲ್ಸ್ ಮೊದಲ 21 ಪಂದ್ಯಗಳನ್ನೂ ಸಾಲಾಗಿ ಸೋತಿತು. ಆರನೆಯ ಸೋಲಿಗೇ ತರಬೇತುದಾರ ಕ್ಯಾಲ್ ರಿಪ್ಕನ್ ಸೀನಿಯರ್ ಕೆಲಸ ಕಳೆದುಕೊಂಡರು. ಅವರ ಇಬ್ಬರು ಗಂಡುಮಕ್ಕಳೂ ಅದೇ ತಂಡದ ಆಟಗಾರರು. ತಂದೆಯನ್ನು ತೆಗೆದ ಮೇಲೂ ಮಕ್ಕಳು ಆಡಲು ಬಂದರು. ಏಪ್ರಿಲ್ 29ರಂದು ಷಿಕಾಗೋದಲ್ಲಿ ಮೊದಲ ಗೆಲುವು ಸಿಕ್ಕಿತು. ಮತ್ತೆರಡು ಸೋಲು ಹೊತ್ತು, ಒಂದು ಗೆಲುವು ಇಪ್ಪತ್ತಮೂರು ಸೋಲಿನ ಲೆಕ್ಕದೊಂದಿಗೆ ಮೇ 2ರಂದು ತಂಡ ಊರಿಗೆ ಮರಳಿತು. ಅಂಥ ತಂಡವನ್ನು ಸ್ವಾಗತಿಸಲು ಅಂದು ಸಂಜೆ ಮೈದಾನದಲ್ಲಿ ಸೇರಿದ್ದವರು 50 ಸಾವಿರಕ್ಕೂ ಹೆಚ್ಚು ಮಂದಿ!

ಅದಕ್ಕೊಂದು ಹಿನ್ನೆಲೆ ಉಂಟು. ನಾಲ್ಕು ವರ್ಷ ಮೊದಲು, 1984ರ ಮಾರ್ಚ್‌ನಲ್ಲಿ, ಊರಿನ ಫುಟ್‌ಬಾಲ್ ತಂಡ ಕೋಲ್ಟ್ಸ್ ರಾತ್ರೋರಾತ್ರಿ ಸಾಮಾನನ್ನೆಲ್ಲ ಲಾರಿಗಳಿಗೆ ಹೇರಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಗಿತ್ತು. ಬೇಸ್‌ಬಾಲ್ ತಂಡವೂ ಹೀಗೆಯೇ ಬಿಟ್ಟುಹೋದರೆ ಎಂಬ ಅಳುಕು ಎಲ್ಲರಲ್ಲೂ ಇತ್ತು. ಆ ಮೇ 2ರ ಸಂಜೆಯೇ ಹೊಸ ಮೈದಾನದ ಒಪ್ಪಂದ ಪ್ರಕಟವಾಯಿತು. ತಂಡ ಊರಲ್ಲೇ ಉಳಿಯಿತು.

ಗೋದಾಮಿನ ಗೋಡೆ

ಹಾಗೆ ಕಟ್ಟಿದ್ದೇ ಕ್ಯಾಮ್ಡೆನ್ ಯಾರ್ಡ್ಸ್. 1992ರ ಏಪ್ರಿಲ್ 6ರಂದು ತೆರೆಯಿತು. ಇನ್ನರ್ ಹಾರ್ಬರ್‌ನಿಂದ ನಡೆದೇ ಹೋಗಬಹುದು. ಹಳೆಯ ರೈಲ್ವೆ ಅಂಗಳದಲ್ಲಿ ಮೈದಾನ ಕಟ್ಟುವಾಗ, ಪಕ್ಕದಲ್ಲಿದ್ದ ಸಾವಿರ ಅಡಿಗೂ ಉದ್ದದ ಇಟ್ಟಿಗೆಯ ಗೋದಾಮನ್ನು ಕೆಡವದೆ ಹಾಗೆಯೇ ಉಳಿಸಿಕೊಂಡರು. ಹಳತನ್ನು ಒಳಗೊಂಡ ಈ ಹೊಸ ಮಾದರಿಯನ್ನು ಬೇರೆ ಊರುಗಳೂ ಅನುಸರಿಸಿದವು. ಬೇಸ್‌ಬಾಲಿನ ದಂತಕಥೆ ಬೇಬ್ ರೂತ್ 1895ರಲ್ಲಿ ಹುಟ್ಟಿದ ಮನೆ ಕೆಲವೇ ಬೀದಿಗಳ ಆಚೆ ಇದೆ. ಈಗ ಅದೊಂದು ವಸ್ತುಸಂಗ್ರಹಾಲಯ. ಅವನ ತಂದೆ ನಡೆಸುತ್ತಿದ್ದ ಪಾನಗೃಹವಿದ್ದ ಜಾಗವಂತೂ ಈಗ ಮೈದಾನದೊಳಗೇ ಸೇರಿಹೋಗಿದೆ.

ಆಟಕ್ಕೆ ಮುನ್ನ ರಾಷ್ಟ್ರಗೀತೆ ಹಾಡುವಾಗ ಒಂದು ಕಡೆ ಇಡೀ ಮೈದಾನ ‘ಓ!’ ಎಂದು ಕೂಗುತ್ತದೆ. ಓರಿಯೋಲ್ಸ್ ಎಂಬುದರ ಮೊದಲ ಅಕ್ಷರ ಅದು. ಅಧಿಕಪ್ರಸಂಗವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಗೀತೆ ಹುಟ್ಟಿದ್ದೇ 1814ರಲ್ಲಿ, ಇದೇ ಊರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರುತ್ತಿದ್ದ ಬಾವುಟವನ್ನು ಕಂಡು. ಅಷ್ಟು ಸಲಿಗೆ ಇವರಿಗೆ ಸಲ್ಲುತ್ತದೆ.

1995ರ ಸೆಪ್ಟೆಂಬರ್ 6ರ ರಾತ್ರಿ ಆ ಗೋದಾಮಿನ ಗೋಡೆಯೇ ಹಲಗೆಯಾಯಿತು. ಅದರ ಮೇಲೆ ಇಳಿಬಿಟ್ಟ ದೊಡ್ಡ ಅಂಕೆಗಳು 2,130ರಿಂದ 2,131ಕ್ಕೆ ತಿರುಗಿದವು. ಕೆಲಸ ಕಳೆದುಕೊಂಡ ತರಬೇತುದಾರನ ಮಗ ಕ್ಯಾಲ್ ರಿಪ್ಕನ್ ಜೂನಿಯರ್, 1982ರ ಮೇ 30ರಿಂದ ಒಂದೂ ಪಂದ್ಯ ತಪ್ಪಿಸದೆ ಆಡಿ, ಲೂ ಗೆರಿಗ್ 1939ರಲ್ಲಿ ಬಿಟ್ಟುಹೋಗಿದ್ದ ದಾಖಲೆಯನ್ನು ದಾಟಿದ್ದರು. ಜನರ ಚಪ್ಪಾಳೆ ನಿಲ್ಲಲಿಲ್ಲ. ಆಟ 22 ನಿಮಿಷ ನಿಂತಿತು. ಅಧ್ಯಕ್ಷ ಕ್ಲಿಂಟನ್ ಕೂಡ ಅಂದು ಪ್ರೇಕ್ಷಕರ ನಡುವೆ ಇದ್ದರು. ರಿಪ್ಕನ್ ಮೈದಾನವನ್ನು ಒಂದು ಸುತ್ತು ಬಂದು ಜನರ ಕೈ ಕುಲುಕಿದರು. ಕೊನೆಗೆ 2,632 ಪಂದ್ಯಗಳಾದ ಮೇಲೆ, 1998ರ ಸೆಪ್ಟೆಂಬರ್ 20ರಂದು, ತಾವಾಗಿಯೇ ಹೊರಗೆ ಕುಳಿತರು.

ಯೋಚಿಸಿದರೆ ಇದು ವಿಚಿತ್ರ ದಾಖಲೆ. ಅತಿ ಹೆಚ್ಚು ಓಟವಲ್ಲ, ಅತಿ ವೇಗದ ಎಸೆತವಲ್ಲ. ದಿನವೂ ಕೆಲಸಕ್ಕೆ ಬಂದದ್ದು! ಕಾರ್ಖಾನೆಯ ಪಾಳಿಗಳಲ್ಲಿ ಬೆವರು ಸುರಿಸಿದವರ ಊರು ಇದನ್ನು ತನ್ನದೇ ಗೌರವವೆಂದು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಹೆಸರುಗಳ ಹಲಗೆಯ ಮುಂದೆ ಬೆಳಿಗ್ಗೆ ಮತ್ತೆ ಬಂದು ನಿಲ್ಲುವ ಪತ್ತೇದಾರನನ್ನೂ, ಸೋತ ತಂಡಕ್ಕಾಗಿ ದಿನವೂ ಬರುವ ರಿಪ್ಕನ್‌ರನ್ನೂ ಊರು ಒಂದೇ ಕಾರಣಕ್ಕೆ ಮೆಚ್ಚಿಕೊಂಡಿತೆಂದು ಕಾಣುತ್ತದೆ.

ಪ್ರೇಕ್ಷಕರಿಲ್ಲದ ಪಂದ್ಯ

ಎರಡು ಹಲಗೆಗಳೂ ಒಂದಕ್ಕೊಂದು ತಾಗಿದ ದಿನವೂ ಬಂತು. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಎಂಬ 25 ವರ್ಷದ ಕಪ್ಪು ತರುಣ, ಪೊಲೀಸರ ವಶದಲ್ಲಿದ್ದಾಗ ಆದ ಪೆಟ್ಟಿನಿಂದ ತೀರಿಕೊಂಡ. ಅಂತ್ಯಕ್ರಿಯೆಯ ದಿನ ಗಲಭೆ ಎದ್ದಿತು, ಅಂಗಡಿಗಳು ಸುಟ್ಟವು, ಸೈನಿಕರು ಬೀದಿಗಿಳಿದರು. ಎರಡು ಪಂದ್ಯಗಳನ್ನು ಮುಂದೂಡಿದರು. ಏಪ್ರಿಲ್ 29ರಂದು ಬಾಗಿಲು ಮುಚ್ಚಿ ಆಡಿಸಿದರು. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನ ಇತಿಹಾಸದಲ್ಲೇ ಪ್ರೇಕ್ಷಕರಿಲ್ಲದ ಮೊದಲ ಪಂದ್ಯ ಅದು. 45 ಸಾವಿರ ಜನ ಹಿಡಿಯುವ ಮೈದಾನದಲ್ಲಿ ಹಾಜರಿ ಸೊನ್ನೆ. ಬ್ಯಾಟಿಗೆ ತಾಗಿದ ಚೆಂಡಿನ ಸದ್ದು ಖಾಲಿ ಕುರ್ಚಿಗಳ ನಡುವೆ ಹೊಡೆದು ಮರಳುತ್ತಿತ್ತು. ಕೆಲವರು ಮಾತ್ರ ಹೊರಗಿನ ಗೇಟಿನ ಕಂಬಿಗಳಿಗೆ ಮುಖ ಒತ್ತಿ ನಿಂತು ಕೂಗುತ್ತಿದ್ದರು. ಎದುರಾಳಿ ಷಿಕಾಗೋ ವೈಟ್ ಸಾಕ್ಸ್, ಅಂದರೆ 1988ರಲ್ಲಿ ಇದೇ ಏಪ್ರಿಲ್ 29ರಂದು ಓರಿಯೋಲ್ಸ್ 21 ಸೋಲುಗಳ ಸರಪಳಿ ಕಡಿದುಕೊಂಡದ್ದೂ ಇದೇ ತಂಡದೆದುರು. ಈ ಬಾರಿಯೂ ಓರಿಯೋಲ್ಸ್ 8-2ರಿಂದ ಗೆದ್ದಿತು. ಆದರೆ ಹಲಗೆಯ ಮೇಲಿನ ಆ ಗೆಲುವನ್ನು ನೋಡಲು ಒಳಗೆ ಯಾರೂ ಇರಲಿಲ್ಲ.

ಹೆತ್ತವರಿಗೊಂದು ಮಾತು

ಮತ್ತೆ ಆ ಬಂಧುವಿನ ಮಾತಿಗೆ ಬರೋಣ. ‘ಹೋಮಿಸೈಡ್’ ಆರಂಭವಾದ 1993ರಲ್ಲಿ ಬಾಲ್ಟಿಮೋರಿನಲ್ಲಿ 353 ಕೊಲೆಗಳಾದವು. 2015ರಿಂದ 2022ರವರೆಗೂ ಪ್ರತಿವರ್ಷ 300ನ್ನು ದಾಟಿದವು. 2024ರಲ್ಲಿ ಆ ಸಂಖ್ಯೆ ಸುಮಾರು 200ಕ್ಕೆ ಇಳಿಯಿತು. ಹಿಂಸೆಯ ಬಹುಪಾಲು ಊರಿನ ಕೆಲವು ಬಡ ಬಡಾವಣೆಗಳಲ್ಲಿ ನಡೆಯುತ್ತದೆ. ಅಲ್ಲಿ ಹುಟ್ಟಿದವರೇ ಅದರ ಮೊದಲ ಬಲಿ. ಹೊರಗಿನಿಂದ ಓದಲು ಬಂದವರು ರಾತ್ರಿ ಯಾವ ಬೀದಿ ಬೇಡ, ಯಾವ ಬಸ್ಸು ಸರಿ ಎಂಬುದನ್ನು ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದುಕೊಳ್ಳಬೇಕು. ಎಚ್ಚರ ಬೇಕು, ಆದರೆ ಆ ಭಯಕ್ಕೆ ಓದನ್ನೇ ಬಿಡುವಂಥ ಊರಲ್ಲ. 2006ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇದೇ ಊರಿನಲ್ಲಿ. ವಾಷಿಂಗ್ಟನ್ ಸುತ್ತಿನ ಕನ್ನಡಿಗರ ‘ಕಾವೇರಿ’ ಸಂಘವೂ ದೂರವೇನಿಲ್ಲ.

ಮಕ್ಕಳಿಗೆ ಇಷ್ಟು ಹೇಳಿ ಕಳಿಸಬಹುದು: ಧಾರಾವಾಹಿಯನ್ನು ಖಂಡಿತ ನೋಡಿ. ಹಾಡುಗಳ ಹಕ್ಕಿನ ತೊಡಕಿನಿಂದ ವರ್ಷಗಟ್ಟಲೆ ಅಂತರ್ಜಾಲದ ವಾಹಿನಿಗಳಿಗೆ ಬಾರದಿದ್ದ ‘ಹೋಮಿಸೈಡ್’ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮತ್ತೆ ನೋಡಲು ಸಿಕ್ಕಿತು. ಆದರೆ ಒಂದು ಸಂಜೆ ಬಿಡುವು ಮಾಡಿಕೊಂಡು ಕ್ಯಾಮ್ಡೆನ್ ಯಾರ್ಡ್ಸ್‌ಗೂ ಹೋಗಿ. ತಂಡ ಗೆಲ್ಲಲೇಬೇಕೆಂದಿಲ್ಲ. 2021ರಲ್ಲಿ ಅದು 110 ಪಂದ್ಯ ಸೋತಿತು. 2023ರಲ್ಲಿ 101 ಗೆದ್ದಿತು. ಪಕ್ಕದ ಕುರ್ಚಿಯ ಮುದುಕರನ್ನು 1988ರ ಬಗ್ಗೆ ಕೇಳಿನೋಡಿ. ಇಪ್ಪತ್ತೊಂದು ಸೋಲುಗಳನ್ನೂ ಆ ಮೇ 2ರ ಸಂಜೆಯನ್ನೂ ಸೇರಿಸಿಯೇ ಹೇಳುತ್ತಾರೆ.